ಹಳೆ ಬಸ್ಸಿನ ಸೀಲಿಂಗ್‌ಗೆ ಎಸಿಪಿ ಶೀಟ್: ಬಳ್ಳಾರಿ ಬಿಸಿಲಲ್ಲಿ ಹೇಗೆ ನಿಂತಿದೆ

ನಮ್ಮದು ಹಳೆಯ ಲೇಲ್ಯಾಂಡ್ ಬಸ್ಸು. ಸೀಟು ತೆಗೆಸಿ, ಮಲಗಲು ಮಂಚ, ಒಂದು ಪುಟ್ಟ ಅಡುಗೆ ಕಟ್ಟೆ ಮಾಡಿಸಿಕೊಂಡಿದ್ದೇವೆ. ಗವಿಮಠದ ಜಾತ್ರೆ, ಆನೆಗುಂದಿ, ಮಂತ್ರಾಲಯ ಅಂತ ಮನೆಯವರೆಲ್ಲ ಇದರಲ್ಲೇ ಹೋಗಿ ಬರುತ್ತೇವೆ. 2021ರಲ್ಲಿ ಸೀಲಿಂಗ್‌ಗೆ 3 ಮಿ.ಮೀ. ಎಸಿಪಿ ಹಾಕಿಸಿದೆವು. ಅಂಗಡಿ ಬೋರ್ಡುಗಳಿಗೆ ಹಾಕುತ್ತಾರಲ್ಲ, ಅದೇ ಶೀಟು. ಎರಡು ತೆಳು ಅಲ್ಯೂಮಿನಿಯಂ ಹಾಳೆ, ನಡುವೆ ಪ್ಲಾಸ್ಟಿಕ್. ಇವತ್ತಿಗೂ ಒಂದು ಶೀಟೂ ಉಬ್ಬಿಲ್ಲ, ಜೋತುಬಿದ್ದಿಲ್ಲ.

ಅದಕ್ಕೂ ಮುಂಚೆ ಇದ್ದದ್ದು ಪಿವಿಸಿ ಪಟ್ಟಿ, ಹಿಂದಿನ ಮಾಲೀಕರು ಹಾಕಿಸಿದ್ದು. ಮನೆಯೊಳಗೆ ಅದು ಚೆನ್ನಾಗಿಯೇ ಇರುತ್ತದೆ. ಬಸ್ಸಿನ ತಗಡಿನ ಕೆಳಗೆ ಮಾತ್ರ ಬಾಳುವುದಿಲ್ಲ. ಇಲ್ಲಿ ಏಪ್ರಿಲ್, ಮೇನಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಬಸ್ಸಿನ ಟಾಪ್ ಮುಟ್ಟಲಾಗದಷ್ಟು ಕಾಯುತ್ತದೆ. ಪಿವಿಸಿ 70-80 ಡಿಗ್ರಿಗೆಲ್ಲ ಮೆತ್ತಗಾಗುತ್ತದೆ. ನಮ್ಮ ಪಟ್ಟಿಗಳು ಹಪ್ಪಳದ ಹಾಗೆ ಸೊಟ್ಟಗಾಗಿ, ಕ್ಲಿಪ್ಪಿನಿಂದ ಕಳಚಿ ನೇತಾಡುತ್ತಿದ್ದವು.

ಎಸಿಪಿಯೂ ಬಿಸಿಗೆ ಹಿಗ್ಗುತ್ತದೆ, ಆದರೆ ಕಡಿಮೆ. 8 ಅಡಿ ಉದ್ದದ ಶೀಟು 40 ಡಿಗ್ರಿ ಏರಿದರೆ ಸುಮಾರು 2 ಮಿ.ಮೀ. ಬೆಳೆಯುತ್ತದೆ. ಪಿವಿಸಿಯಾದರೆ 5ರಿಂದ 7 ಮಿ.ಮೀ. ಆ 2 ಮಿ.ಮೀ.ಗೆ ಜಾಗ ಬಿಟ್ಟು ಕೂರಿಸಿದ್ದರಿಂದಲೇ ನಮ್ಮ ಸೀಲಿಂಗ್ ಉಳಿದಿದೆ. ಇದರ ಪೂರ್ತಿ ಶ್ರೇಯಸ್ಸು ಬಾಡಿ ಕಟ್ಟುವ ಶೆಡ್ಡಿನ ಮೇಸ್ತ್ರಿಗೆ ಸೇರಬೇಕು. "ಬಿಗಿ ಹೊಡೆದ್ರೆ ಬೇಸಿಗೇಲಿ ಉಬ್ಬುತ್ತೆ ಸಾರ್, ಆಡೋಕೆ ಬಿಡ್ಬೇಕು" ಅಂದರು. ಕಬ್ಬಿಣದ ಕಮಾನು ಪಟ್ಟಿಯಲ್ಲಿ 4.8 ಮಿ.ಮೀ. ರಿವೆಟ್ಟಿಗೆ ಸರಿಯಾದ ತೂತು. ಶೀಟಿನಲ್ಲಿ ಅದಕ್ಕಿಂತ ದೊಡ್ಡ ತೂತು, ಅದು ಮುಚ್ಚುವಂತೆ ಅಗಲ ತಲೆಯ ರಿವೆಟ್. ಪ್ರತಿ ಶೀಟಿನ ಮಧ್ಯದಲ್ಲಿ ಒಂದು ರಿವೆಟ್ ಮಾತ್ರ ಗಟ್ಟಿ. ಉಳಿದವನ್ನು ಪೂರ್ತಿ ಅದುಮದೆ ಕೂದಲೆಳೆಯಷ್ಟು ಸಡಿಲ ಬಿಟ್ಟರು. ಎರಡು ಶೀಟು ಸೇರುವಲ್ಲಿ 3 ಮಿ.ಮೀ. ಸಂದು, ಮೇಲೆ ಅಲ್ಯೂಮಿನಿಯಂ ಬೀಡಿಂಗ್. ಬೀಡಿಂಗ್ ಒಂದು ಕಡೆಗೆ ಮಾತ್ರ ಹಿಡಿದಿದೆ, ಎರಡೂ ಶೀಟಿಗೆ ಹೊಡೆದರೆ ಸಂದು ಬಿಟ್ಟಿದ್ದೇ ದಂಡ ಅಲ್ವಾ.

ಸಡಿಲ ಬಿಟ್ಟರೆ ಗಡಗಡ ಸದ್ದು ಬರಲ್ವಾ ಅಂತ ಕೇಳುವವರು ಜಾಸ್ತಿ. ಕಮಾನಿಗೂ ಶೀಟಿಗೂ ನಡುವೆ ಫೋಮ್ ಟೇಪ್ ಇದೆ. ಸಿರುಗುಪ್ಪ ಕಡೆ ಗುಂಡಿ ಬಿದ್ದ ರಸ್ತೆಯಲ್ಲೂ ಸೀಲಿಂಗ್‌ನಿಂದ ಸದ್ದಿಲ್ಲ. ಕಬ್ಬಿಣಕ್ಕೆ ಅಲ್ಯೂಮಿನಿಯಂ ನೇರವಾಗಿ ತಾಗಿ, ಅಲ್ಲಿ ನೀರು ನಿಂತರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಟೇಪು ಅದನ್ನೂ ತಡೆಯುತ್ತದೆ. ಕಮಾನಿನ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಹೊಡೆದ ಮೇಲೆಯೇ ಟೇಪು ಅಂಟಿಸಬೇಕು.

ಎಸಿಪಿ ಹಾಕಿದರೆ ಬಸ್ಸು ತಂಪಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 3 ಮಿ.ಮೀ. ಶೀಟು ಸೆಕೆ ತಡೆಯುವುದಿಲ್ಲ. ನಮಗೆ ತಂಪು ಕೊಟ್ಟಿದ್ದು ತಗಡಿಗೆ ಒಳಗಿನಿಂದ ಅಂಟಿಸಿದ, ಒಂದು ಮುಖಕ್ಕೆ ಬೆಳ್ಳಿಯಂತೆ ಹೊಳೆಯುವ ಹಾಳೆ ಇರುವ 10 ಮಿ.ಮೀ. ಎಕ್ಸ್‌ಎಲ್‌ಪಿಇ ಫೋಮ್ (ಒಂದು ಬಗೆಯ ಪಾಲಿಥಿನ್ ಫೋಮ್). ಬೆಳ್ಳಿ ಮುಖ ಕೆಳಗಿರಬೇಕು. ಅದಕ್ಕೂ ಸೀಲಿಂಗ್‌ಗೂ ನಡುವೆ ಗಾಳಿಯ ಜಾಗ ಇರಬೇಕು. ಶೀಟು ಒತ್ತಿಕೊಂಡರೆ ಬೆಳ್ಳಿ ಹಾಳೆಯಿಂದ ಪ್ರಯೋಜನವಿಲ್ಲ.

ದೂರುಗಳೂ ಇವೆ. ಗೀರು ಬಿದ್ದರೆ ಹೋಗುವುದಿಲ್ಲ, ಏಣಿ ತಾಗಿದ ಗುರುತು ಹಾಗೇ ಇದೆ. ಹೊಳಪಿನ ಬಿಳಿ ಶೀಟು ರಾತ್ರಿ ದೀಪ ಹಾಕಿದರೆ ಕಣ್ಣಿಗೆ ಹೊಡೆಯುತ್ತದೆ, ಮ್ಯಾಟ್ ಸಿಕ್ಕರೆ ಅದನ್ನೇ ತನ್ನಿ. ನನಗೆ ನಿಜವಾಗಿ ಬೇಸರ ತರಿಸಿದ್ದು ಮಳೆಗಾಲ. ಪ್ಲೈವುಡ್ ಆಗಿದ್ದರೆ ಟಾಪ್ ಸೋರಿದ ಕೂಡಲೇ ಕಲೆ ಕಟ್ಟಿ ಹೇಳಿಬಿಡುತ್ತದೆ. ಎಸಿಪಿ ನೀರನ್ನು ಹೀರುವುದಿಲ್ಲ, ಮೇಲೆಯೇ ಹರಿಸಿಕೊಂಡು ಹೋಗಿ ದೂರದಲ್ಲೆಲ್ಲೋ ತೊಟ್ಟಿಕ್ಕಿಸುತ್ತದೆ. ನಮ್ಮಲ್ಲಿ ಗಾಳಿ ಕಿಂಡಿಯ ಹತ್ತಿರ ಸೋರಿದ ನೀರು ಡ್ರೈವರ್ ಹಿಂದೆ ಬೀಳುತ್ತಿತ್ತು. ಅದನ್ನು ಹುಡುಕಲು ರಿವೆಟ್ಟುಗಳನ್ನು ಡ್ರಿಲ್ ಮಾಡಿ ತೆಗೆಸಬೇಕಾಯಿತು. ಆಮೇಲೆ ಮಧ್ಯದ ಸಾಲಿಗೆ, ವೈರ್ ಹೋಗುವಲ್ಲಿ, ರಿವೆಟ್ ನಟ್ (ತೂತಿನಲ್ಲೇ ಕೂತು ಸ್ಕ್ರೂ ಹಿಡಿಯುವ ನಟ್) ಕೂರಿಸಿ ಸ್ಟೀಲ್ ಸ್ಕ್ರೂ ಹಾಕಿಸಿದೆವು. ಈಗ ಆ ಸಾಲನ್ನು ನಾನೇ ಬಿಚ್ಚಿ ಹಾಕುತ್ತೇನೆ.

ಕೊಳ್ಳುವಾಗ ಎಫ್‌ಆರ್ ದರ್ಜೆಯದನ್ನೇ, ಅಂದರೆ ಸುಲಭವಾಗಿ ಬೆಂಕಿ ಹಿಡಿಯದ ಶೀಟನ್ನೇ ಕೇಳಿ, ಪರೀಕ್ಷಾ ಪತ್ರವನ್ನೂ ಕೇಳಿ. ಮಾಮೂಲಿ ಎಸಿಪಿಯ ನಡುವೆ ಇರುವುದು ಪಾಲಿಥಿನ್. ಅದು ಬೆಂಕಿ ಹಿಡಿದರೆ ಕರಗಿ, ಉರಿಯುತ್ತಲೇ ಕೆಳಗೆ ತೊಟ್ಟಿಕ್ಕುತ್ತದೆ. ಎಫ್‌ಆರ್‌ಗೆ ಬೆಲೆ ಜಾಸ್ತಿ, ಆದರೆ ಕೆಳಗೆ ಮಕ್ಕಳು ಮಲಗಿರುತ್ತಾರೆ. ಎಫ್‌ಆರ್ ಹಾಕಿದ್ದರೂ ಗ್ಯಾಸ್ ಒಲೆಯ ಮೇಲಿನ ಭಾಗಕ್ಕೆ ನಾವು ಎಸಿಪಿ ಬಿಟ್ಟು ಬರಿಯ ಸ್ಟೀಲ್ ತಗಡು ಹೊಡೆಸಿದ್ದೇವೆ.