1379ರ ಒಂದು ಹೆಸರಿಗಾಗಿ: ನಿಘಂಟೋ, ತೆರಿಗೆ ಪಟ್ಟಿಯೋ

ಮಧ್ಯಯುಗದ ಇಂಗ್ಲೆಂಡಿನ ಬದುಕನ್ನು ಉಡುಗೆ, ಅಡುಗೆ, ಕಸುಬುಗಳ ಸಮೇತ ಆಡಿ ತೋರಿಸುವ ಕೂಟವೊಂದರಲ್ಲಿ ನನ್ನ ಪಾಲಿಗೆ ಬಂದದ್ದು 1379ರ ಯಾರ್ಕ್‌ಷೈರಿನ ನೇಕಾರ ಹೆಂಗಸಿನ ಪಾತ್ರ. ಅವಳಿಗೊಂದು ಹೆಸರು, ಒಂದು ಅಡ್ಡಹೆಸರು ಬೇಕಾಗಿದ್ದವು. ಅದಕ್ಕಾಗಿ ಮೂರು ದಾರಿಗಳನ್ನು ಹಿಡಿದು ನೋಡಿದೆ.

ಮಕ್ಕಳಿಗೆ ಹೆಸರಿಡುವವರಿಗಾಗಿ ಬರೆದ ಕೈಪಿಡಿಗಳನ್ನು ಒಂದೇ ಸಂಜೆಯಲ್ಲಿ ಮುಚ್ಚಿಟ್ಟೆ. ನಾನು ನೋಡಿದವು ಹೆಸರಿನ ಅರ್ಥವನ್ನು ಹೇಳುತ್ತಿದ್ದವೇ ಹೊರತು ಕಾಲವನ್ನು ಹೇಳುತ್ತಿರಲಿಲ್ಲ. ಸೆಡ್ರಿಕ್ ಎಂಬುದು ಪುರಾತನ ಸ್ಯಾಕ್ಸನ್ ಹೆಸರಿನಂತೆ ಕೇಳಿಸಿದರೂ ಅದನ್ನು ಚಲಾವಣೆಗೆ ತಂದದ್ದು ವಾಲ್ಟರ್ ಸ್ಕಾಟನ 1819ರ ಕಾದಂಬರಿ. ನಿನ್ನೆ ಮೊನ್ನೆಯದೆನಿಸುವ ಟಿಫನಿಯಾದರೋ 13ನೆಯ ಶತಮಾನದಲ್ಲೇ ಬಳಕೆಯಲ್ಲಿತ್ತು. ಈ ವಿಷಯದಲ್ಲಿ ಕಿವಿಯನ್ನು ನಂಬುವಂತಿಲ್ಲ.

ಎರಡನೆಯದು, ಪಿ. ಎಚ್. ರೇನಿ ಅವರು 1958ರಲ್ಲಿ ಮೊದಲು ಪ್ರಕಟಿಸಿದ ಮನೆತನದ ಹೆಸರುಗಳ ನಿಘಂಟು. ಹಳೆಯ ದಾಖಲೆಗಳಲ್ಲಿ ಸಿಕ್ಕ ರೂಪಗಳನ್ನು ಇಸವಿಯೊಂದಿಗೆ ಕೊಡುವುದು ಅದರ ದೊಡ್ಡ ಗುಣ. ಆದರೆ ದಪ್ಪಕ್ಷರದ ಮುಖ್ಯ ಪದ ಇಂದಿನ ಕಾಗುಣಿತದ್ದು. ನನ್ನ ಮೊದಲ ತಪ್ಪು ಅದನ್ನೇ ಎತ್ತಿಕೊಂಡದ್ದು. ನಮಗೆ ಬೇಕಾದದ್ದು ಅದರ ಕೆಳಗೆ ಸಣ್ಣಕ್ಷರದಲ್ಲಿ ಅಡಗಿರುತ್ತದೆ. ಇನ್ನೊಂದು ತೊಡಕೆಂದರೆ, ಇಂದಿನವರೆಗೆ ಉಳಿದುಬಂದ ಹೆಸರುಗಳನ್ನು ವಿವರಿಸುವುದೇ ಅದರ ಉದ್ದೇಶವಾದ್ದರಿಂದ, ಒಂದೇ ತಲೆಮಾರಿಗೆ ಮುಗಿದುಹೋದ ಅಡ್ಡಹೆಸರುಗಳಿಗೆ ಅದರಲ್ಲಿ ಜಾಗ ಕಡಿಮೆ.

ಆ ಕೊರತೆಯನ್ನು ತುಂಬಿದ್ದು ಮೂರನೆಯ ದಾರಿಯಾದ ತಲೆಗಂದಾಯದ ಪಟ್ಟಿಗಳು. 1377ರಲ್ಲಿ 14 ವರ್ಷ ದಾಟಿದ ಬಹುತೇಕ ಎಲ್ಲರಿಗೂ ಸಮಾನವಾಗಿ 4 ಪೆನ್ಸ್ ವಿಧಿಸಿದ್ದರೆ, 1379ರಲ್ಲಿ ಅಂತಸ್ತಿಗೆ ತಕ್ಕಂತೆ ವಿಧಿಸಿದರು. ಹಾಗಾಗಿ ಯಾರ್ಕ್‌ಷೈರಿನ ಪಶ್ಚಿಮ ಭಾಗವಾದ ವೆಸ್ಟ್ ರೈಡಿಂಗಿನ ಪಟ್ಟಿಯಲ್ಲಿ ಹಲವರ ಹೆಸರಿನ ಪಕ್ಕದಲ್ಲಿ ಕಸುಬೂ ಇದೆ. ಇಂಥವನ ಮಗಳು, ಇಂಥವನ ಹೆಂಡತಿ, ಇಂಥವರ ಮನೆಯ ಆಳು ಎಂಬುದೇ ಅಡ್ಡಹೆಸರಾಗಿರುವ ಸಾಮಾನ್ಯರು ಅಲ್ಲಿ ಸಾಲುಗಟ್ಟಿ ನಿಂತಿದ್ದಾರೆ. ಬಡಿಗೇರ, ಕಂಬಾರ, ಹೂಗಾರ ಎಂಬ ಅಡ್ಡಹೆಸರುಗಳ ನಡುವೆ ಬೆಳೆದ ಉತ್ತರ ಕರ್ನಾಟಕದವಳಾದ ನನಗೆ ಬಡಗಿ, ಕಮ್ಮಾರ, ನೇಕಾರ ಎಂಬರ್ಥದ ರೈಟ್, ಸ್ಮಿತ್, ವೆಬ್‌ಸ್ಟರ್‌ಗಳು ಪರಕೀಯವೆನಿಸಲಿಲ್ಲ. ನಮ್ಮಲ್ಲಿ ಬಡಿಗೇರ ಎಂಬಾತ ಮೇಷ್ಟರಾಗಿರಬಹುದಾದಂತೆ, ಅಲ್ಲಿಯೂ ಆ ಹೊತ್ತಿಗಾಗಲೇ ಅಡ್ಡಹೆಸರಿಗೂ ಕಸುಬಿಗೂ ಹೊಂದಿಕೆ ಇರಲೇಬೇಕೆಂದಿರಲಿಲ್ಲ.

ಪಟ್ಟಿಯ ಕಷ್ಟವೆಂದರೆ ಅದರ ಲ್ಯಾಟಿನ್. ಗುಮಾಸ್ತ ವಿಲೆಲ್ಮಸ್, ಗಾಲ್ಫ್ರಿಡಸ್, ಎಜಿಡಿಯಸ್ ಎಂದು ಬರೆದರೆ ಊರಿನವರು ಕರೆಯುತ್ತಿದ್ದದ್ದು ವಿಲಿಯಮ್, ಜೆಫ್ರಿ, ಜೈಲ್ಸ್ ಎಂದು. ಬರೆದದ್ದನ್ನು ಹಾಗೆಯೇ ಉಚ್ಚರಿಸಿದರೆ ಪಾತ್ರ ಕೆಡುತ್ತದೆ. ಲ್ಯಾಟಿನ್ ರೂಪದ ಹಿಂದಿನ ಆಡುಮಾತನ್ನು ಹಿಡಿಯಲು ಮತ್ತೆ ರೇನಿಯ ಬಳಿಗೇ ಹೋಗಬೇಕಾಯಿತು. ಇಸಬೆಲ್‌ಳನ್ನು ಮುದ್ದಿನಿಂದ ಇಬ್ಬಟ್ ಎನ್ನುತ್ತಿದ್ದರೆಂಬುದು ಇಬ್ಬಟ್‌ಸನ್ ಎಂಬ ಮನೆತನದ ಹೆಸರಿನಲ್ಲಿ ಇಂದಿಗೂ ಉಳಿದಿದೆ. ತಾಯಿಯ ಹೆಸರಿನಿಂದ ಮಗ ಗುರುತಿಸಿಕೊಂಡ ಇಂಥ ಹೆಸರುಗಳು ಸಿಕ್ಕಿದಾಗ ಆದ ಸಂತೋಷವೇ ಬೇರೆ.

ಒಂದನ್ನೇ ಆರಿಸಿಕೊಳ್ಳಬೇಕೆಂದರೆ ನಾನು ತೆರಿಗೆ ಪಟ್ಟಿಯನ್ನೇ ಆರಿಸಿಕೊಳ್ಳುವೆನು. ನಿಘಂಟು ಹೆಸರೊಂದು ಇತ್ತೆಂದು ಹೇಳಬಲ್ಲದು. ಒಂದು ಊರಿನಲ್ಲಿ, ಒಂದು ವರ್ಷ, ಯಾವ ಹೆಸರು ಎಷ್ಟು ಸಾಮಾನ್ಯವಾಗಿತ್ತೆಂಬುದನ್ನು ಪಟ್ಟಿ ಮಾತ್ರ ತೋರಿಸುತ್ತದೆ. ಗಂಡಸರಲ್ಲಿ ಜಾನ್, ವಿಲಿಯಮ್, ಥಾಮಸ್, ರಾಬರ್ಟ್, ರಿಚರ್ಡ್ ಎಂಬ ಐದೇ ಹೆಸರುಗಳು ಪುಟಪುಟವನ್ನೂ ಆಕ್ರಮಿಸಿರುವುದನ್ನು ಕಂಡ ಮೇಲೆ, ಅಪರೂಪದ ಹೆಸರನ್ನು ಹುಡುಕುವ ನನ್ನ ಹಟ ತಾನಾಗಿಯೇ ಇಳಿಯಿತು.

ಕೊನೆಗೆ ನಿಂತದ್ದು ವೆಬ್‌ಸ್ಟರ್ ಎಂಬ ಅಡ್ಡಹೆಸರು, ಅಂದರೆ ನೇಯುವವಳು. ಹೆಸರು ಗುಮಾಸ್ತನ ಬರಹದಲ್ಲಿ ಮಟಿಲ್ಡಾ, ಮಗ್ಗದ ಬಳಿ ಮಾಡ್. ಕೂಟದವರು ಹಾಗೆ ಕೂಗಿದಾಗಲೆಲ್ಲ ನನ್ನ ಕನ್ನಡದ ಕಿವಿಗೆ ಅದು ಯಾರೋ ಕೆಲಸ ಹಚ್ಚಿದಂತೆ ಕೇಳಿಸುತ್ತದೆ.