ಎಂಟು ವರ್ಷದ ಯುದ್ಧಕ್ಕೆ ಎರಡು ಗಂಟೆಯ ಕ್ಲಾಸು

ಕಾಸರಗೋಡಿನ ಕುಂಬಳೆ ಪೇಟೆಯಲ್ಲಿ, ಸರಕಾರಿ ಕೆಲಸದ ಪರೀಕ್ಷೆಗೆ ತಯಾರು ಮಾಡುವ ಪಿಎಸ್‌ಸಿ ಕೋಚಿಂಗ್ ಸೆಂಟರೊಂದರ ಕನ್ನಡ ಬ್ಯಾಚಿನಲ್ಲಿ ಅಕ್ಕಪಕ್ಕದ ದೇಶಗಳ ನಡುವಿನ ಯುದ್ಧ ಯಾಕೆ ಮುಗಿಯುವುದೇ ಇಲ್ಲ ಎಂಬುದಕ್ಕೆ ಒಂದು ಭಾನುವಾರ ಮೀಸಲು. ಎರಡು ಗಂಟೆ ಪಾಠ, ಹನ್ನೆರಡು ಪುಟದ ನೋಟ್ಸ್, ಎಲ್ಲ ಸೇರಿ 200 ರೂಪಾಯಿ.

ಇರಾನ್–ಇರಾಕ್ ಭಾಗ ಒಂದಕ್ಕೇ ಆ ದುಡ್ಡು ಸಲ್ಲುತ್ತದೆ. ಎರಡೂ ದೇಶಗಳ ನಡುವಿನ ಶತ್ತುಲ್ ಅರಬ್ ನದಿಯ ಗಡಿ 1937ರ ಒಪ್ಪಂದದಲ್ಲಿ ಬಹುಪಾಲು ಇರಾನಿನ ದಡದಲ್ಲೇ ಇತ್ತು, 1975ರಲ್ಲಿ ನದಿಯ ಅತಿ ಆಳದ ಹರಿವಿಗೆ ಸರಿಯಿತು. ಇದನ್ನು ಮೇಷ್ಟ್ರು ಬೋರ್ಡಿನ ಮೇಲೆ ಕಾಸರಗೋಡಿನ ಚಂದ್ರಗಿರಿ ಹೊಳೆ ಬರೆದು ತೋರಿಸುತ್ತಾರೆ: ಗಡಿ ಈಚೆ ತಳಂಗರೆಯ ದಡದಲ್ಲೇ ಇದ್ದರೆ ದೋಣಿ ನೀರಿಗಿಳಿದ ಕೂಡಲೇ ಪರದೇಶ, ಆಳದಲ್ಲಿದ್ದರೆ ಇಬ್ಬರಿಗೂ ದಾರಿ. (ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ವರದಿ ಗೊತ್ತಿದ್ದವರಿಗೆ ಚಂದ್ರಗಿರಿಯನ್ನು ಗಡಿಯೆಂದು ಕಲ್ಪಿಸಿಕೊಳ್ಳುವುದು ಕಷ್ಟವೇನಲ್ಲ.)

ಅಲ್ಲಿಂದ ಮುಖ್ಯ ವಿಷಯ. 1980ರ ಸೆಪ್ಟೆಂಬರಿನಲ್ಲಿ ಇರಾಕ್ ನುಗ್ಗಿತು, 1982ರ ಮೇ ತಿಂಗಳಲ್ಲಿ ಇರಾನ್ ತನ್ನ ಗಡಿ ಊರು ಖುರ್ರಮ್‌ಶಹರನ್ನು ಮರಳಿ ಪಡೆಯಿತು. ಇರಾಕ್ ಕದನವಿರಾಮಕ್ಕೆ ಸಿದ್ಧವಿತ್ತು. ಗೆಲ್ಲುತ್ತಿದ್ದ ಇರಾನಿಗೆ ಅಷ್ಟು ಸಾಲಲಿಲ್ಲ. ಇರಾಕಿನ ಅಧ್ಯಕ್ಷ ಸದ್ದಾಂ ಇಳಿಯಬೇಕು, ಪರಿಹಾರವೂ ಬೇಕು ಎಂದು ಜುಲೈಯಲ್ಲಿ ಇರಾಕಿನ ಬಸ್ರಾ ಕಡೆಗೆ ಗಡಿ ದಾಟಿತು. ಸೋಲುತ್ತಿದ್ದವನಿಗೆ ಸೌದಿ, ಕುವೈತ್‌ಗಳ ದುಡ್ಡು, ಸೋವಿಯತ್ ಮತ್ತು ಫ್ರೆಂಚ್ ಆಯುಧ ಬರುತ್ತಲೇ ಇತ್ತು. ಈಗ ನಿಲ್ಲಿಸಿದರೆ ಆಚೆಯವ ಸುಧಾರಿಸಿಕೊಂಡು ಮತ್ತೆ ಬರುತ್ತಾನೆಂಬ ಭಯ ಎರಡೂ ಕಡೆ. ಹಾಗೆ ಇನ್ನಾರು ವರ್ಷ. 1988ರ ಆಗಸ್ಟ್ 20ಕ್ಕೆ ಗುಂಡು ನಿಂತಾಗ ಗಡಿ ಹೆಚ್ಚುಕಡಿಮೆ ಮೊದಲಿನ ಜಾಗದಲ್ಲೇ. 1990ರಲ್ಲಿ ಕುವೈತ್ ಹಿಡಿದ ಮೇಲೆ ಸದ್ದಾಂ 1975ರ ಗೆರೆಯನ್ನೇ ಮತ್ತೆ ಒಪ್ಪಿದ್ದನ್ನು ನೋಟ್ಸ್ ಬಿಟ್ಟುಬಿಟ್ಟಿದೆ, ಬಿಡಬಾರದಿತ್ತು.

ಕೊರಿಯಾ ಯುದ್ಧಕ್ಕೆ ಹದಿನೈದೇ ನಿಮಿಷ. ‘ದೊಡ್ಡ ದೇಶಗಳ ರಾಜಕೀಯ’ ಎಂದು ಹೇಳಿ ಮುಗಿಸುತ್ತಾರೆ. 1951ರ ಜುಲೈಯಲ್ಲೇ ಮಾತುಕತೆ ಶುರುವಾಗಿಯೂ ಸಹಿ ಬೀಳಲು 1953ರ ಜುಲೈ 27ರವರೆಗೆ ಕಾಯಬೇಕಾಗಿದ್ದು ಮುಖ್ಯವಾಗಿ ಸೆರೆಯಾಳುಗಳ ಗಂಟಿನಿಂದ: ಊರಿಗೆ ಹೋಗಲೊಲ್ಲದವರನ್ನೂ ಕಳಿಸಬೇಕೇ ಎಂಬುದು. ಅದರ ಸುದ್ದಿಯೇ ಇಲ್ಲ. ಇಥಿಯೋಪಿಯಾ–ಎರಿಟ್ರಿಯಾ ಚಿಕ್ಕದಾದರೂ ಚೊಕ್ಕ: ಗಡಿ ಆಯೋಗದ 2002ರ ತೀರ್ಪು ಜಗಳದ ಬಡ್ಮೆ ಊರನ್ನು ಎರಿಟ್ರಿಯಾಕ್ಕೆ ಕೊಟ್ಟಿತು, ಇಥಿಯೋಪಿಯಾ ಬಿಟ್ಟುಕೊಡಲಿಲ್ಲ, ಶಾಂತಿ ಘೋಷಣೆಯಾದದ್ದು 2018ರಲ್ಲಿ.

ನೋಟ್ಸ್ ಮಾತ್ರ ಮಲಯಾಳದಿಂದ ಅವಸರದಲ್ಲಿ ಇಳಿಸಿದ್ದು. ಆಳದ ಹರಿವಿನ ಗೆರೆಗೆ (ಇಂಗ್ಲಿಷಿನ ‘ಥಾಲ್ವೆಗ್’) ಪದಕ್ಕೆ ಪದ ಇಟ್ಟು ‘ಕಣಿವೆ ದಾರಿ’ ಎಂದಿದೆ. ಕದನವಿರಾಮ, ಶಾಂತಿ ಒಪ್ಪಂದ ಎರಡನ್ನೂ ಒಂದೇ ಅರ್ಥದಲ್ಲಿ ಬಳಸಿದ್ದಾರೆ. ಕೊರಿಯಾದಲ್ಲಿ ಎರಡನೆಯದು ಇವತ್ತಿಗೂ ಆಗಿಲ್ಲ. ತಪ್ಪುತ್ತರಕ್ಕೆ ಅಂಕದ ಮೂರರಲ್ಲೊಂದು ಪಾಲು ಹೋಗುವ ಪರೀಕ್ಷೆಗೆ ಇದು ದುಬಾರಿ. ನಕ್ಷೆಗಳ ಜೆರಾಕ್ಸಿನಲ್ಲಿ ನದಿಯೇ ಮಾಯ, ಹೋಗುವವರು ನೀಲಿ ಪೆನ್ಸಿಲೊಂದು ಇಟ್ಟುಕೊಳ್ಳಿ.