ಮಲೆನಾಡಿನ ಜೆಸಿಬಿಗೆ 46 ನಂಬರ್ ಹೈಡ್ರಾಲಿಕ್ ಆಯಿಲ್: ಕೆಲವು ಮಳೆಗಾಲ ಓಡಿಸಿದ ಮೇಲೆ

ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಟ್ ಆಯ್ತು ಅಂತ ಮುಂದೆ ಹೇಳುತ್ತೇನೆ.

ನಮ್ಮದು ತೀರ್ಥಹಳ್ಳಿ ಕಡೆ ಓಡುವ ಬ್ಯಾಕ್‌ಹೋ ಮಷಿನ್. ಯಾವ ಕಂಪನಿಯದಾದರೂ ಊರವರ ಬಾಯಲ್ಲಿ ಅದು ಜೆಸಿಬಿನೇ, ನಾನೂ ಹಾಗೇ ಬರೆಯುತ್ತೇನೆ. ಕೆಲಸ ಅಂದರೆ ಅಡಿಕೆ ತೋಟದ ಬಸಿಗಾಲುವೆ, ಮನೆ ಕಟ್ಟಲು ಜಾಗ ಮಟ್ಟ ಮಾಡುವುದು, ಕೆರೆ ಹೂಳು. ಜೋರು ಮಳೆಯಲ್ಲಿ ಧರೆ ಕುಸಿದರೆ ರಾತ್ರಿಯೂ ಫೋನ್ ಬರುತ್ತದೆ. ಮಷಿನ್ ಸೆಕೆಂಡ್ ಹ್ಯಾಂಡ್. ಹಿಂದಿನ ಓನರ್ ಟ್ಯಾಂಕಿಗೆ ಏನೇನು ಸುರಿದಿದ್ದರೋ ಅವರಿಗೇ ನೆನಪಿರಲಿಲ್ಲ. ಹಾಗಾಗಿ ಬಂದ ಕೂಡಲೇ ಪೂರ್ತಿ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, ಮ್ಯಾನ್ಯುಯಲ್ ಹೇಳಿದ ಎಚ್‌ಎಲ್‌ಪಿ 46 ತುಂಬಿಸಿದೆವು. ಎಚ್‌ಎಲ್‌ಪಿ ಅಂದರೆ ಸವೆತ ತಡೆಯುವ ಮದ್ದು ಬೆರೆಸಿದ ಹೈಡ್ರಾಲಿಕ್ ಎಣ್ಣೆ, 46 ಅದರ ದಪ್ಪದ ನಂಬರ್. ಅವತ್ತಿಂದ ಅದೇ ಗ್ರೇಡ್, ಅದೇ ಬ್ರ್ಯಾಂಡ್. ಇಂಡಿಯನ್ ಆಯಿಲ್‌ನ ಸರ್ವೋ, ಎಚ್‌ಪಿಯ ಎನ್‌ಕ್ಲೋ ಹೀಗೆ ದೊಡ್ಡ ಕಂಪನಿಗಳೆಲ್ಲದರಲ್ಲೂ ಈ ಗ್ರೇಡ್ ಸಿಗುತ್ತದೆ. ಅದಕ್ಕೇ ನಾನು ಬ್ರ್ಯಾಂಡ್ ಬಿಟ್ಟು ಗ್ರೇಡಿನ ಬಗ್ಗೆ ಬರೆಯುತ್ತಿದ್ದೇನೆ.

46 ಬೇಡ ಅಂತ ಹೇಳಿದವರೇ ಜಾಸ್ತಿ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಒಬ್ಬ ಹಳೇ ಮೆಕ್ಯಾನಿಕ್, "ಎಂತಕ್ಕೆ ಮಾರಾಯ್ರೆ ಆ ನೀರು ಹಾಕ್ತೀರಿ, 68 ಹಾಕಿ, ದಪ್ಪ ಇದ್ರೆ ಲೀಕ್ ಕಮ್ಮಿ" ಅಂದರು. ಲೀಕ್ ಕಮ್ಮಿ ಅನ್ನುವುದು ಸುಳ್ಳಲ್ಲ. ಆದರೆ ಸವೆದ ಸೀಲನ್ನು ದಪ್ಪ ಎಣ್ಣೆಯಲ್ಲಿ ಮುಚ್ಚಿಟ್ಟ ಹಾಗಾಯಿತು ಅಷ್ಟೇ. ಸೀಲ್ ಕಿಟ್ ಹಾಕಿಸಿದರೆ ಆ ಮಾತೇ ಬರುವುದಿಲ್ಲ.

ಈ ನಂಬರ್ ಏನು ಅಂತ ಗೊತ್ತಿದ್ದರೆ ಅರ್ಧ ಜಗಳ ಮುಗಿಯುತ್ತದೆ. ಡಬ್ಬಿ ಮೇಲೆ ಐಎಸ್‌ಒ ವಿಜಿ 46 ಅಂತ ಇದ್ದರೆ, 40 ಡಿಗ್ರಿಯಲ್ಲಿ ಆ ಎಣ್ಣೆಯ ದಪ್ಪ ಸುಮಾರು 46 ಸೆಂಟಿಸ್ಟೋಕ್ಸ್ ಅಂತ ಲೆಕ್ಕ, ಹತ್ತು ಪರ್ಸೆಂಟ್ ಆಚೆ ಈಚೆ. 40 ಡಿಗ್ರಿಯಲ್ಲಿ ಅನ್ನುವುದನ್ನು ಯಾರೂ ಓದುವುದಿಲ್ಲ. ಡಿಸೆಂಬರ್ ಬೆಳಿಗ್ಗೆ ಇಲ್ಲಿ 15 ಡಿಗ್ರಿಗೂ ಇಳಿಯುತ್ತದೆ, ಆಗ 68 ನಂಬರ್ ಎಣ್ಣೆ ಡಬ್ಬಿ ಮೇಲಿನ ಅಂಕಿಯ ನಾಲ್ಕೈದು ಪಟ್ಟು ದಪ್ಪ ಆಗಿರುತ್ತದೆ. ಪಂಪ್ ಅದನ್ನು ಟ್ಯಾಂಕಿನಿಂದ ಎಳೆಯಲು ಒದ್ದಾಡುತ್ತದೆ. ಸಾಕಷ್ಟು ಎಣ್ಣೆ ಬರದಿದ್ದರೆ ಒಳಗೆ ಗುಳ್ಳೆ ಎದ್ದು ಒಡೆದು ಲೋಹವನ್ನೇ ಕೆತ್ತುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಪಂಪ್ ಕಡೆಯಿಂದ ಕೀಚಲು ಸದ್ದು ಕೇಳಿದರೆ ಮೊದಲು ಇದನ್ನೇ ಅನುಮಾನಿಸಿ. ನಮ್ಮ ಪರಿಚಯದವರ ಮಷಿನ್‌ನಲ್ಲಿ 68 ಇದೆ, ಚಳಿಗಾಲದಲ್ಲಿ ಬೆಳಿಗ್ಗೆ ಬೂಮ್ ಏಳುವುದೇ ನಿಧಾನ. ನಮ್ಮದು ಸ್ವಲ್ಪ ಹೊತ್ತು ಐಡ್ಲಿಂಗ್‌ನಲ್ಲಿ ಬಿಟ್ಟು ಬಕೆಟ್ ಒಂದೆರಡು ಸಲ ಆಡಿಸಿದರೆ ಸಾಕು.

ಈಗ ಆ ಕಟ್ ಆದ ಸ್ಟಾರ್. ಏಪ್ರಿಲ್‌ನಲ್ಲಿ ಶಿಕಾರಿಪುರ ಕಡೆ ಒಂದು ಕೆಲಸಕ್ಕೆ ಹೋಗಿತ್ತು, ಬಕೆಟ್ ಕಳಚಿ ಬ್ರೇಕರ್ ಹಾಕಿ ಬಂಡೆ ಒಡೆಯುವುದು. ಬ್ರೇಕರ್ ಕೆಲಸದಲ್ಲಿ ಎಣ್ಣೆ ಕಾಯುವಷ್ಟು ಬೇರೆ ಯಾವುದರಲ್ಲೂ ಕಾಯುವುದಿಲ್ಲ, ಮೇಲಿಂದ ಬಯಲುಸೀಮೆ ಬಿಸಿಲು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮೆತ್ತಗಾಯಿತು. ಎತ್ತಿ ಹಿಡಿದ ಬೂಮ್ ತಾನೇ ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು, ಏಟಿಗೆ ಜೋರಿರಲಿಲ್ಲ. ಕೂಲರ್ ಜಾಲರಿಯಲ್ಲಿ ಧೂಳು ಕಟ್ಟಿತ್ತು, ಗಾಳಿ ಹೊಡೆಸಿದ ಮೇಲೆ ಪರವಾಗಿಲ್ಲ ಅನ್ನಿಸಿತು, ಆದರೂ ಆ ಬಿಸಿಗೆ 46 ತೆಳುವಾಯಿತು ಅನ್ನುವುದು ನಿಜ. ವರ್ಷಪೂರ್ತಿ ಬಯಲಲ್ಲಿ ಬ್ರೇಕರ್ ಹೊಡೆಯುವವರಿಗೆ 68 ಸರಿ ಇರಬಹುದು, ಮ್ಯಾನ್ಯುಯಲ್‌ನ ಉಷ್ಣತೆ ಪಟ್ಟಿ ಒಪ್ಪಿದರೆ. ಎಚ್‌ವಿಎಲ್‌ಪಿ ಅಂತ ಇನ್ನೊಂದು ಜಾತಿ ಇದೆ, ಚಳಿಗೆ ಜಾಸ್ತಿ ದಪ್ಪ ಆಗದೆ ಬಿಸಿಗೆ ಜಾಸ್ತಿ ತೆಳುವಾಗದೆ ನಿಲ್ಲುವಂಥದ್ದು. ಎರಡೂ ಕಡೆ ಓಡಾಡುವ ಮಷಿನ್‌ಗೆ ಅದೇ ಒಳ್ಳೆಯದು. ರೇಟು ಜಾಸ್ತಿ, ತಾಲ್ಲೂಕು ಅಂಗಡಿಗಳಲ್ಲಿ ಕೇಳಿದ ತಕ್ಷಣ ಕೊಡುವುದಿಲ್ಲ.

ಆದರೆ ಇಷ್ಟು ದಿನ ಓಡಿಸಿದ ಮೇಲೆ ನನ್ನ ಅಭಿಪ್ರಾಯ ಕೇಳಿದರೆ, 46 ವರ್ಸಸ್ 68 ಜಗಳ ನಮ್ಮ ಕಡೆ ದೊಡ್ಡದೇ ಅಲ್ಲ. ನೀರು ದೊಡ್ಡದು. ಆಗುಂಬೆ, ಹುಲಿಕಲ್ ಸುತ್ತಮುತ್ತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಡೆಯುವ ಮಳೆಯಲ್ಲಿ ಎಷ್ಟೇ ಒಳ್ಳೇ ಎಣ್ಣೆ ಹಾಕಿದರೂ ಟ್ಯಾಂಕಿನ ಬ್ರೀದರ್ ಕ್ಯಾಪ್, ಅಂದರೆ ಗಾಳಿಯಾಡುವ ಮುಚ್ಚಳ, ಸಡಿಲ ಇದ್ದರೆ ಮುಗೀತು. ಸಿಲಿಂಡರ್ ರಾಡ್ ಸುತ್ತಲಿನ ಸೀಲ್ ಸವೆದಿದ್ದರೆ ಅದರ ಮೂಲಕವೂ ನೀರು ಒಳಗೆ ಹೋಗುತ್ತದೆ. ಸರ್ವಿಸ್ ಸ್ಟೇಷನ್‌ನಲ್ಲಿ ಹುಡುಗರು ಪ್ರೆಷರ್ ನೀರನ್ನು ನೇರ ಬ್ರೀದರ್ ಮೇಲೇ ಬಿಡುತ್ತಾರೆ, ಪಕ್ಕದಲ್ಲೇ ನಿಂತು ನೋಡಿಕೊಳ್ಳಿ.

ನೀರು ಸೇರಿದ ಎಣ್ಣೆ ಸೈಟ್ ಗ್ಲಾಸ್‌ನಲ್ಲಿ (ಟ್ಯಾಂಕಿನ ಎಣ್ಣೆ ಮಟ್ಟ ನೋಡುವ ಗಾಜು) ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗುತ್ತದೆ. ಗಾಳಿ ಸೇರಿದರೂ ಹೆಚ್ಚು ಕಡಿಮೆ ಹಾಗೇ ಕಾಣುತ್ತದೆ, ಸುಮ್ನೆ ಗಾಬರಿಯಾಗಿ ಪೂರ್ತಿ ಆಯಿಲ್ ಚೆಲ್ಲಬೇಡಿ. ಗಾಜಿನ ಬಾಟಲಿಯಲ್ಲಿ ಒಂದಿಷ್ಟು ಹಿಡಿದು ರಾತ್ರಿ ಇಟ್ಟು ನೋಡಿ. ಗಾಳಿಯಾದರೆ ಗುಳ್ಳೆ ಮೇಲೆ ಹೋಗಿ ಕೆಳಗಿನಿಂದ ತಿಳಿಯಾಗುತ್ತಾ ಬರುತ್ತದೆ. ಬೆಳಿಗ್ಗೆಯೂ ಮಂಜು ಮಂಜಾಗಿದ್ದರೆ ಅಥವಾ ತಳದಲ್ಲಿ ನೀರು ನಿಂತಿದ್ದರೆ ಉತ್ತರ ಸಿಕ್ಕಿತು ಅಲ್ವಾ. ಇನ್ನೂ ಅನುಮಾನ ಇದ್ದರೆ ಕಾದ ತಗಡಿನ ಮೇಲೆ ಒಂದು ಹನಿ ಬಿಡಿ, ನೀರಿದ್ದರೆ ಚಟಪಟ ಅನ್ನುತ್ತದೆ, ಕಣ್ಣಿಗೆ ಏನಾದರೂ ಹಾಕಿಕೊಂಡು ಮಾಡಿ. ನಮ್ಮ ಆಪರೇಟರ್ ಮಳೆಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಟ್ಯಾಂಕಿನ ತಳದ ಡ್ರೈನ್ ಸ್ವಲ್ಪ ಸಡಿಲಿಸಿ ನೋಡುತ್ತಾನೆ, ರಾತ್ರಿ ಇಳಿದು ನಿಂತ ನೀರು ಮೊದಲು ಬರುತ್ತದೆ. "ಅಣ್ಣ, ಇವತ್ತು ಕ್ಲೀನ್" ಅಂತ ಕೂಗಿ ಹೇಳುವುದು ಅವನ ಅಭ್ಯಾಸ.

ಬ್ಯಾರಲ್ ಇಟ್ಟುಕೊಳ್ಳುವವರು ಇದನ್ನು ಓದಲೇಬೇಕು. ಶೆಡ್ಡಿನ ಹೊರಗೆ ಬ್ಯಾರಲ್ ನಿಲ್ಲಿಸಿದರೆ ಮುಚ್ಚಳದ ಅಂಚಿನೊಳಗೆ ಮಳೆನೀರು ನಿಲ್ಲುತ್ತದೆ. ಹಗಲು ಎಣ್ಣೆ ಬಿಸಿಯಾಗಿ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಕುಗ್ಗುವಾಗ ಬಿರಡೆ ಸಂದಿಯಿಂದ ಆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಬಿರಡೆ ಟೈಟ್ ಇದ್ದ ಹಾಗೆ ಕಂಡರೂ. ಅಂದರೆ ಸೀಲ್ ಒಡೆಯದ ಹೊಸ ಎಣ್ಣೆಯಲ್ಲೇ ನೀರು. ಒಳಗೆ ಜಾಗ ಇಲ್ಲದಿದ್ದರೆ ಬ್ಯಾರಲನ್ನು ಅಡ್ಡ ಮಲಗಿಸಿ, ಎರಡು ಬಿರಡೆಯೂ ಒಂದೇ ಮಟ್ಟಕ್ಕೆ ಬರುವ ಹಾಗೆ, ಆಗ ಒಳಗಿನಿಂದ ಎಣ್ಣೆಯೇ ಅಡ್ಡ ನಿಂತಿರುತ್ತದೆ.

ಮಿಕ್ಸ್ ಮಾಡುವ ವಿಷಯ. ದೂರದ ಸೈಟಿನಲ್ಲಿ ಹೋಸ್ ಒಡೆದಾಗ ಸಿಕ್ಕಿದ್ದನ್ನು ಸುರಿಯುವ ಆಸೆ ಎಲ್ಲರಿಗೂ ಬರುತ್ತದೆ. ಎಂಜಿನ್ ಆಯಿಲ್, ಗೇರ್ ಆಯಿಲ್ ಬೇಡ. ಕಾರಿನ ಬ್ರೇಕ್ ಆಯಿಲ್ ಅಂತೂ ಬೇಡವೇ ಬೇಡ, ಹೈಡ್ರಾಲಿಕ್‌ನ ರಬ್ಬರ್ ಸೀಲ್ ಉಬ್ಬಿ ಹಾಳಾಗುತ್ತದೆ. ಎರಡು ಬ್ರ್ಯಾಂಡಿನ ಎಚ್‌ಎಲ್‌ಪಿ 46 ಕೂಡ ಒಳಗಿನ ಮದ್ದು ಒಂದೇ ಥರ ಇರುತ್ತದೆ ಅಂತಿಲ್ಲ. ಕೆಲವದರಲ್ಲಿ ಸತು ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ನಾವು ಒಂದು ಡಬ್ಬಿ ಗಾಡಿಯಲ್ಲೇ ಇಟ್ಟಿರುತ್ತೇವೆ, ಗಲಾಟೆನೇ ಇಲ್ಲ. ಹೋಸ್ ಅಂದಾಗ ನೆನಪಾಯಿತು: ಲೀಕ್ ಎಲ್ಲಿ ಅಂತ ಕೈಯಿಂದ ಮುಟ್ಟಿ ಹುಡುಕಬೇಡಿ. ಒಳಗೆ 200 ಬಾರ್ ದಾಟಿದ ಒತ್ತಡ ಇರುತ್ತದೆ, ಸೂಜಿ ತೂತಿನಿಂದ ಬಂದ ಎಣ್ಣೆ ಚರ್ಮದೊಳಗೆ ನುಗ್ಗುತ್ತದೆ. ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹುಡುಕಲು ರಟ್ಟಿನ ತುಂಡು ಸಾಕು.

ಬದಲಿಸುವ ಲೆಕ್ಕ ಮ್ಯಾನ್ಯುಯಲ್‌ನಲ್ಲಿ ಸಾಮಾನ್ಯವಾಗಿ 2000 ಗಂಟೆ ಅಂತ ಇರುತ್ತದೆ, ನಿಮ್ಮದರಲ್ಲಿ ನೋಡಿಕೊಳ್ಳಿ. ನೀರು ಕಂಡರೆ ಮೀಟರ್ ನೋಡುತ್ತಾ ಕೂರಬೇಡಿ. ಎಣ್ಣೆ ಹೊಸದು ಹಾಕಿ ಫಿಲ್ಟರ್ ಹಳೆಯದೇ ಬಿಡುವ ಜಾಣರೂ ಇದ್ದಾರೆ.

ಕೊಳ್ಳುವಾಗ ಲೂಸ್ ಆಯಿಲ್ ಕಡೆ ತಿರುಗಿಯೂ ನೋಡಬೇಡಿ, ಬಣ್ಣ ಚೆನ್ನಾಗಿರುವುದು ಯಾವ ಸಾಕ್ಷಿಯೂ ಅಲ್ಲ. ಸೀಲ್ ಇರುವ ಬಕೆಟ್, ಮೇಲೆ ಬ್ಯಾಚ್ ನಂಬರ್, ಕೈಯಲ್ಲಿ ಬಿಲ್. ಒಂದೇ ಮಷಿನ್ ಇರುವವರು ರೇಟು ಕಮ್ಮಿ ಅಂತ ಬ್ಯಾರಲ್ ತಗೊಳ್ಳುವುದಕ್ಕಿಂತ ಬಕೆಟ್ ತಗೊಳ್ಳುವುದೇ ವಾಸಿ. ಲೀಟರಿಗೆ ಸ್ವಲ್ಪ ಜಾಸ್ತಿ ಬೀಳುತ್ತದೆ, ಆದರೆ ಅರ್ಧ ಬಳಸಿದ ಬ್ಯಾರಲ್ ಆಷಾಢದ ಮಳೆಯಲ್ಲಿ ಕೂರುವುದಿಲ್ಲ.